ತೋಟದ ಕಳೆ ಉಳಿಸಿ

1

ಚಿಟ್ಟೆಯಿಂದ ಶುರು ಮಾಡಲೋ, ಹುಳದಿಂದಲೋ?

ಈ ಪ್ರಶ್ನೆ ಹಿಡಿದುಕೊಂಡು ಮೂರು ದಿನ ಕೂತಿದ್ದೇನೆ. ಚಿಟ್ಟೆಯಿಂದ ಶುರು ಮಾಡಿದರೆ ನೀವು ಕುರ್ಚಿ ಎಳೆದುಕೊಂಡು ಕೂರುತ್ತೀರಿ. ಹುಳದಿಂದ ಶುರು ಮಾಡಿದರೆ ಮೂಗು ಮುರಿದು ಪುಟ ಮಗುಚುತ್ತೀರಿ. ನ್ಯಾಯವಾಗಿ ನೋಡಿದರೆ ಹುಳವೇ ಮೊದಲು. (ಅದಕ್ಕೂ ಮೊದಲು ಮೊಟ್ಟೆ, ಅದಕ್ಕೂ ಮೊದಲು ಮತ್ತೆ ಚಿಟ್ಟೆ. ಈ ವ್ಯಾಜ್ಯ ಕೋಳಿಗಳ ಕೋರ್ಟಿನಲ್ಲೇ ಇನ್ನೂ ತೀರ್ಮಾನವಾಗಿಲ್ಲ, ನಾನು ಕೈ ಹಾಕುವುದಿಲ್ಲ.)

ಮೊದಲ ಕರಡು ಹೀಗಿತ್ತು: “ಮುಂಜಾನೆಯ ಹೊಂಬಿಸಿಲಿನಲ್ಲಿ ಸಾವಿರಾರು ಚಿಟ್ಟೆಗಳು ನೀಲಿ ಪಟ್ಟೆಯ ರೆಕ್ಕೆಗಳನ್ನು ಬಿಚ್ಚಿ ದೂರದೇಶಕ್ಕೆ ಹೊರಟವು...” ಬರೆದು ನನಗೇ ಕಣ್ಣು ತುಂಬಿ ಬಂತು. ಫೋನ್ ಮಾಡಿ ಅಕ್ಕನಿಗೆ ಓದಿದೆ. ಅಕ್ಕ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ನನ್ನ ಬರವಣಿಗೆಯನ್ನು ಚಿಕ್ಕಂದಿನಿಂದಲೂ ಪರೀಕ್ಷೆಯ ಪೇಪರಿನಂತೆಯೇ ಕೇಳುತ್ತಾ ಬಂದಿದ್ದಾಳೆ.

“ಮುಂಜಾನೆ ಹಾರಲ್ಲ ಅವು,” ಎಂದಳು. “ಮೈ ಕಾಯಬೇಕು. ಬಿಸಿಲೇರಿದ ಮೇಲೇನೇ.”

“ಅಕ್ಕಾ, ಇದು ಕತೆ.”

“ಕತೇಲಿ ಬರೋ ಚಿಟ್ಟೆಗೆ ಚಳಿ ಆಗಲ್ವಾ?”

ಮೊದಲ ಕರಡು ಬುಟ್ಟಿಗೆ ಹೋಯಿತು. ಹಾಗಾಗಿ ಚಿಟ್ಟೆಯೂ ಬೇಡ, ಹುಳವೂ ಬೇಡ, ಗಿಡದಿಂದ ಶುರು ಮಾಡುತ್ತೇನೆ. (ನನ್ನ ಮನೆಯಲ್ಲಿ ಗಿಡಗಳು ಬದುಕುವುದಿಲ್ಲ ಎನ್ನುವುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಒಮ್ಮೆ ಪ್ಲಾಸ್ಟಿಕ್ ಗಿಡ ತಂದಿದ್ದೆ, ಅದೂ ಬಿಸಿಲಿಗೆ ಬಿಳಿಚಿಕೊಂಡಿತು.)

2

ಕತೆಯಲ್ಲಿ ಇರುವವರು ಇಬ್ಬರೇ. ಅಕ್ಕನನ್ನೂ ನನ್ನನ್ನೂ ಸೇರಿಸಿದರೆ ನಾಲ್ವರು, ಆದರೆ ನಾವು ಹೊರಗೆ ನಿಂತು ಬಾಯಿ ಹಾಕುವ ಜನ.

ಒಬ್ಬರು ಮೇಡಂ. ಒಂದು ಸಾರ್ವಜನಿಕ ಗ್ರಂಥಾಲಯವನ್ನು ನೋಡಿಕೊಳ್ಳುತ್ತಾರೆ. ನಲವತ್ತು ದಾಟಿದ್ದಾರೆ, ಬೆರಳ ತುದಿಯಲ್ಲಿ ಸದಾ ತಾರೀಖು ಒತ್ತುವ ಮುದ್ರೆಯ ನೀಲಿ ಇಂಕು. ಯಾರಾದರೂ ಪುಸ್ತಕದ ಮೂಲೆ ಮಡಚಿದ್ದು ಕಂಡರೆ ತಮ್ಮದೇ ಕಿವಿ ಹಿಂಡಿದಷ್ಟು ನೋವಾಗುತ್ತದೆ ಅವರಿಗೆ.

ಇನ್ನೊಬ್ಬರು ತೋಟದಣ್ಣ. ವಯಸ್ಸು ಐವತ್ತೇಳು. ಗ್ರಂಥಾಲಯದ ಮುಂದಿನ ತೋಟ, ಪಕ್ಕದ ಅಂಚೆ ಕಚೇರಿ, ಎದುರಿನ ನೀರು ಸರಬರಾಜು ಕಚೇರಿ, ಮೂರೂ ಕಡೆಯ ಗಿಡ ಇವರ ಕೈಯಲ್ಲಿ. ಕತ್ತರಿ ಹಿಡಿದರೆ ಬೇಲಿಗೆ ಇಸ್ತ್ರಿ ಹಾಕಿದಂತೆ ಕತ್ತರಿಸುತ್ತಾರೆ. ಒಂಬತ್ತು ತಿಂಗಳ ಹಿಂದಿನವರೆಗೆ ಓದಲು ಬರುತ್ತಿರಲಿಲ್ಲ.

ಬಸ್ಸಿನ ಬೋರ್ಡಾಗಲಿ, ಔಷಧಿಯ ಚೀಟಿಯಾಗಲಿ, ಎದುರಿಗೆ ಬಂದರೆ ಅವರ ಬಳಿ ಒಂದು ಮಾತು ಸಿದ್ಧವಿತ್ತು: “ಕನ್ನಡಕ ಮರ್ತು ಬಂದಿದೀನಿ, ಸ್ವಲ್ಪ ಓದಿ ಹೇಳ್ತೀರಾ?” ಅವರ ಬಳಿ ಕನ್ನಡಕ ಇರಲೇ ಇಲ್ಲ. ದೂರದ ಕೊಂಬೆಯ ಮೇಲಿನ ಇರುವೆ ಕಾಣುವ ಕಣ್ಣು ಅವರದು. ಮೂವತ್ತು ವರ್ಷ ಇಲ್ಲದ ಕನ್ನಡಕವನ್ನು ಮರೆಯುತ್ತಾ ಬಂದು, ಒಂದು ಸಂಜೆ ಮೇಡಂ ಎದುರು ನಿಂತು, “ನನಗೆ ಬೋರ್ಡು ಓದೋಷ್ಟು ಬಂದ್ರೆ ಸಾಕು, ಹೇಳ್ಕೊಡ್ತೀರಾ?” ಎಂದು ಕೇಳಿದರು. ಆ ಸಂಜೆಯಿಂದ ದಿನಾ ಐದರಿಂದ ಆರು, ಮಕ್ಕಳ ಮೂಲೆಯ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಪಾಠ.

ಕಾಗುಣಿತ ಸರಾಗವಾಗಿ ಬಂತು. ಒತ್ತಕ್ಷರ ಬಂದಾಗ ಮಾತ್ರ ಬಂಡಿ ನಿಂತಿತು.

“ಅಲ್ಲ ಮೇಡಂ, ಒಂದು ಅಕ್ಷರದ ಕಾಲಿಗೆ ಇನ್ನೊಂದು ಯಾಕೆ ಜೋತು ಬೀಳ್ಬೇಕು? ಪಕ್ಕದಲ್ಲಿ ಜಾಗ ಇಲ್ವಾ?”

“ಅವೆರಡೂ ಒಂದೇ ಉಸಿರಲ್ಲಿ ಬರ್ತವೆ ಅಣ್ಣ, ಅದಕ್ಕೆ.”

“ಮನೇಲಿ ಜಾಗ ಇಲ್ದೆ ಮಂಚದ ಕೆಳಗೆ ಮಲಗಿಸಿದ ಹಾಗಿದೆ,” ಎಂದು ಗೊಣಗಿ ಮತ್ತೆ ಬರೆಯುತ್ತಿದ್ದರು.

3

ಈಗ ಗಿಡ.

ಗ್ರಂಥಾಲಯದ ಹಿಂದೆ, ಓದುವ ಕೋಣೆಯ ಕಿಟಕಿಗೂ ಕಾಂಪೌಂಡ್ ಗೋಡೆಗೂ ನಡುವೆ, ನಾಲ್ಕು ಹೆಜ್ಜೆ ಅಗಲದ ಒಂದು ಪಟ್ಟಿ ಜಾಗವಿದೆ. ಅದಕ್ಕೆ ಗೇಟು, ಗೇಟಿಗೆ ಬೀಗ, ಬೀಗದ ಕೈ ಮೇಡಂ ಹತ್ತಿರ. ಹೋದ ವರ್ಷ ಗಾಳಿ ದಿಕ್ಕು ಬದಲಿಸಿದ ದಿನಗಳಲ್ಲಿ ಆ ಗೋಡೆಯ ಮೇಲಿಂದ ವಲಸೆಯ ಚಿಟ್ಟೆಗಳು ಹಾದುಹೋದವು. ಎಂಟು ದಿನ, ಬಿಸಿಲೇರಿದಾಗಿನಿಂದ ಇಳಿಯುವವರೆಗೆ. (ಬಿಸಿಲೇರಿದಾಗಿನಿಂದ. ಅಕ್ಕ, ಕೇಳಿಸಿತಾ?) ಮೇಡಂ ಅದನ್ನು ನೋಡುತ್ತಾ ಒಬ್ಬರ ಪುಸ್ತಕಕ್ಕೆ ನಾಲ್ಕು ಸಲ ತಾರೀಖು ಒತ್ತಿದರು. ಅಷ್ಟು ಚಿಟ್ಟೆಗಳಲ್ಲಿ ಒಂದೂ ಒಳಗಿಳಿಯಲಿಲ್ಲ. ಹಿಂದೆ ಜೋಡಿಸಿದ್ದ ಹನ್ನೆರಡು ಕುಂಡಗಳಲ್ಲಿ ನರ್ಸರಿಯಿಂದ ತಂದ ಬಣ್ಣದೆಲೆಯ ಕ್ರೋಟನ್ನುಗಳಿದ್ದವು, ದಳದ ಮೇಲೆ ದಳ ಬಂದು ಒಳಗೆ ಏನೂ ಇಲ್ಲದ ದಪ್ಪ ಹೂಗಳಿದ್ದವು.

ಒಂದೂ ಯಾಕೆ ಇಳಿಯಲಿಲ್ಲ ಎಂದು ಮೇಡಂ ನನ್ನನ್ನು ಕೇಳಿದರು, ನಾನು ಅಕ್ಕನನ್ನು ಕೇಳಿದೆ.

“ಹೂವು ಅವಕ್ಕೆ ಹೋಟೆಲ್ ಇದ್ದ ಹಾಗೆ,” ಎಂದಳು ಅಕ್ಕ. “ಕುಡಿದು ಹೋಗ್ತವೆ. ಮೊಟ್ಟೆ ಇಡ್ಬೇಕು ಅಂದ್ರೆ ಮರಿ ತಿನ್ನೋ ಎಲೆ ಬೇಕು. ಅದಕ್ಕೆ ಯಾವ್ಯಾವುದೋ ಎಲೆ ಆಗಲ್ಲ, ಹುಟ್ಟಿದ ನೆಲದ ಗಿಡಾನೇ ಆಗ್ಬೇಕು. ನಿಮ್ಮ ನರ್ಸರೀಲಿ ಅದು ಸಿಗಲ್ಲ.”

“ಮತ್ತೆ ಎಲ್ಲಿ ಸಿಗುತ್ತೆ?”

“ಬೇಲಿ ಮೇಲೆ, ಚರಂಡಿ ಪಕ್ಕ. ನೀನು ದಿನಾ ತುಳ್ಕೊಂಡು ಓಡಾಡ್ತೀಯಲ್ಲ, ಅಲ್ಲಿ.”

ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಇರುವುದೇ ನನ್ನಂಥವರಿಗೆ.

ಮೇಡಂ ಒಂದು ವರ್ಷ ಗಿಡ ಆರಿಸಿದರು. ಬಸ್ ಡಿಪೋದ ಹಿಂದಿನಿಂದ ಎಕ್ಕ, ಮುರಿದರೆ ಹಾಲು ಬರುವ ಗಿಡ. ಚರಂಡಿಯ ಪಕ್ಕದಿಂದ ಹಳದಿ ಹೂವಿನ ಗಿಲಿಗಿಲಿ, ಒಣಗಿದ ಕಾಯಿ ಅಲ್ಲಾಡಿಸಿದರೆ ಅದರ ಹೆಸರನ್ನು ಅದೇ ಹೇಳುತ್ತದೆ. ರೈಲು ಹಳಿಯ ಬೇಲಿಯಿಂದ ಆಡುಮುಟ್ಟದ ಬಳ್ಳಿ. (ಆಡು ಮುಟ್ಟದ ಸೊಪ್ಪಿಲ್ಲ ಎಂದು ಹೇಳಿಹೇಳಿ ಬೆಳೆಸಿದರಲ್ಲ ನಮ್ಮನ್ನು? ಇದೆ. ಬೇಲಿ ಮೇಲೆ ಇದೆ. ಆಡಿಗೆ ಗಾದೆ ಗೊತ್ತಿರಲಿಲ್ಲ.) ಬೀಜಗಳನ್ನು ಹಳೆಯ ಪುಸ್ತಕಗಳಿಂದ ಬಿಚ್ಚಿಟ್ಟ ಕಾರ್ಡ್ ಜೇಬುಗಳಲ್ಲಿ ತುಂಬಿ, ಮೇಲೆ ಹೆಸರು ಬರೆದು, ಅಕಾರಾದಿಯಾಗಿ ಜೋಡಿಸಿಟ್ಟುಕೊಂಡರು. ಕ್ರೋಟನ್ ಕುಂಡಗಳನ್ನು ಗೋಡೆಗೆ ಸರಿಸಿ ನೆಲದಲ್ಲಿ ಬಿತ್ತಿದರು. ತಾವೇ ನೀರು ಹಾಕಿದರು. ತೋಟದಣ್ಣನಿಗೂ ಹೇಳಲಿಲ್ಲ. ಚಿಟ್ಟೆ ಇಳಿದ ದಿನ ಗೇಟು ತೆಗೆದು ತೋರಿಸಬೇಕು ಎನ್ನುವ ಆಸೆ. ಜೊತೆಗೆ, ಪುಸ್ತಕ ನೋಡಿಕೊಳ್ಳುವವರು ಚರಂಡಿ ಗಿಡ ಸಾಕುತ್ತಿದ್ದಾರೆ ಎಂದು ಜನ ಆಡಿಕೊಂಡು ನಗುತ್ತಾರೆಂಬ ಸಂಕೋಚ.

3, ಮತ್ತೆ

ಈ ಭಾಗವನ್ನು ಎರಡು ಸಲ ಬರೆದು ಹರಿದೆ. ಕತೆ ತಿರುಗುವುದು ಇಲ್ಲೇ.

ಗಾಳಿ ತಿರುಗಲು ಇನ್ನು ಒಂದು ವಾರ ಇದೆ ಎನ್ನುವಾಗ ಮೇಡಂಗೆ ಬೇರೆ ಊರಿನಲ್ಲಿ ಎರಡು ದಿನದ ತರಬೇತಿ ಬಂತು. ಗಿಡಗಳಿಗೆ ನೀರು ಬೇಕು. ಬೀಗದ ಕೈಯನ್ನು ತೋಟದಣ್ಣನಿಗೆ ಕೊಟ್ಟರು.

“ಹಿಂದುಗಡೆ ನೀರು ಹಾಕ್ಬೇಕು ಅಣ್ಣ. ಮಿಕ್ಕಿದ್ದು ಗೇಟಿನ ಮೇಲೆ ಬೋರ್ಡ್ ಹಾಕಿದೀನಿ. ಓದ್ಕೊಳ್ಳಿ.”

ಬಾಯಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ತೋಟದಣ್ಣ ತಮ್ಮ ಜೀವನದಲ್ಲಿ ಯಾರನ್ನೂ ಕೇಳದೆ ಓದುವ ಮೊದಲ ಬೋರ್ಡ್ ತಾವು ಬರೆದದ್ದಾಗಲಿ ಎಂದು ಅವರಿಗೆ ಆಸೆ. ಅದಕ್ಕಾಗಿ ಒಂದಿಡೀ ಮಧ್ಯಾಹ್ನ ಕೂತು ಪದ ಆರಿಸಿದ್ದರು. “ಗಿಡಗಳನ್ನು ಕೀಳಬೇಡಿ” ಎಂದರೆ ನಕಾರಕ್ಕೆ ಒತ್ತು ಬರುತ್ತದೆ. “ಕಿತ್ತುಹಾಕಬೇಡಿ” ಎಂದರೆ ತಕಾರಕ್ಕೆ. ಒಂದೂ ಒತ್ತಕ್ಷರ ಇಲ್ಲದ, ಎಲ್ಲೂ ಎಡವದೆ ಓದಬಹುದಾದ ಮೂರು ಪದ ಹುಡುಕಿ, ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ದಪ್ಪಗೆ ಬರೆದರು:

ತೋಟದ ಕಳೆ ಉಳಿಸಿ

ಕಳೆಯಂತೆ ಕಾಣುವ ಈ ಗಿಡಗಳನ್ನು ಕೀಳದೆ ಬಿಡಿ ಎನ್ನುವುದು ಅವರ ಮನಸ್ಸಿನಲ್ಲಿದ್ದದ್ದು.

ಓದುಗರೇ, ನೀವು ಆಗಲೇ ಹಣೆ ಚಚ್ಚಿಕೊಂಡಿರಿ. ನನಗೆ ಒಂದು ವಾರ ಬೇಕಾಯಿತು. ನಮ್ಮ ಭಾಷೆಗೆ ಇದೊಂದು ಚಟ. ಹೊಲದಲ್ಲಿ ಬೆಳೆದರೆ ಕಳೆ, ಕಿತ್ತು ಎಸೆ. ಮುಖದಲ್ಲಿ ಬಂದರೆ ಕಳೆ, ದೃಷ್ಟಿ ತಾಗೀತು ಜೋಪಾನ. ಲೆಕ್ಕದಲ್ಲಿ ಬಂದರೆ ಐದರಲ್ಲಿ ಮೂರು ಕಳೆ. ಮೂರಕ್ಕೂ ಒಂದೇ ಪದ ಕೊಟ್ಟು ಕೈ ತೊಳೆದುಕೊಂಡವರು ಯಾರೋ, ಅವರ ಮನೆಯಲ್ಲಿ ತೋಟ ಇರಲಿಲ್ಲ ಎಂದು ಕಾಣುತ್ತದೆ.

ತೋಟದಣ್ಣ ಬಂದರು. ಓದಿದರು. ತಾವೇ ಓದಿದರು, ಸುತ್ತ ಯಾರೂ ಇರಲಿಲ್ಲ. ತೋಟದ ಅಂದ ಕಾಪಾಡಿ ಎಂದು ಮೇಡಂ ತಮ್ಮನ್ನು ನಂಬಿ ಬರೆದಿದ್ದಾರೆ. ಒಳಗೆ ಹೋಗಿ ನೋಡಿದರೆ ಎದೆ ಮಟ್ಟ ಎಕ್ಕ, ಕಿಟಕಿಗೆ ಹಬ್ಬಿದ ಕಾಡುಬಳ್ಳಿ, ಚರಂಡಿ ಪಕ್ಕ ಬೆಳೆಯುವ ಹಾಳುಮೂಳು. ಅಂದ ಎಲ್ಲಿಂದ ಉಳಿಯಬೇಕು? ತಕ್ಷಣ ಅಂಗಿಯ ತೋಳು ಮಡಚಿದರು. ಎರಡು ದಿನ ಬಗ್ಗಿದ ಬೆನ್ನು ಎತ್ತಲಿಲ್ಲ. ಕಿತ್ತದ್ದನ್ನೆಲ್ಲ ಗೋಡೆ ಮೂಲೆಗೆ ರಾಶಿ ಹಾಕಿ, ನೆಲ ಸಮ ಮಾಡಿ, ಮೂಲೆಯಲ್ಲಿದ್ದ ಹನ್ನೆರಡು ಕ್ರೋಟನ್ ಕುಂಡಗಳನ್ನು ತೊಳೆದು ಸಾಲಾಗಿ ಇಟ್ಟು, ಸುತ್ತ ಇಟ್ಟಿಗೆ ನಿಲ್ಲಿಸಿ, ಇಟ್ಟಿಗೆಗೆ ಸುಣ್ಣ ಬಳಿದರು.

ಮೂರನೆಯ ದಿನ ಮೇಡಂ ಬಂದರು. ತೋಟದಣ್ಣ ಗೇಟು ತೆಗೆದು, ಪಕ್ಕಕ್ಕೆ ಸರಿದು ನಿಂತರು. ಅವರ ಮುಖದಲ್ಲಿ ಕಳೆ ಇತ್ತು, ಎರಡನೆಯ ಅರ್ಥದ್ದು.

ಮೇಡಂ ನೆಲ ನೋಡಿದರು. ರಾಶಿ ನೋಡಿದರು. ಬೋರ್ಡ್ ನೋಡಿದರು. ಆಮೇಲೆ ಕೇಳಿದರು:

“ಓದೋಕೆ ಬರಲ್ವೇನ್ರಿ ನಿಮಗೆ?”

5

(ನಾಲ್ಕು ಎಲ್ಲಿ ಎಂದು ಕೇಳಬೇಡಿ. ತೋಟದಣ್ಣ ಅದನ್ನೂ ಕಿತ್ತು ರಾಶಿಗೆ ಹಾಕಿರಬೇಕು.)

ದಿನಕ್ಕೆ ಹತ್ತು ಜನ ಹತ್ತು ಜನಕ್ಕೆ ಆಡುವ ಮಾತು ಅದು. ಸಾಲು ತಪ್ಪಿಸಿ ನುಗ್ಗಿದವರಿಗೆ, ಎಳೆಯುವ ಬಾಗಿಲನ್ನು ತಳ್ಳುವವರಿಗೆ. ನನಗೇ ಎಷ್ಟೋ ಸಲ ಹೇಳಿದ್ದಾರೆ, ನಾನು ಹಲ್ಲು ಕಿರಿದು ಸುಮ್ಮನಾಗಿದ್ದೇನೆ.

ತೋಟದಣ್ಣ ಬೀಗದ ಕೈಯನ್ನು ಮೇಡಂ ಅಂಗೈ ಮೇಲಿಟ್ಟು ಹೋದರು. ಮರುದಿನ ಮೇಜಿನ ಮೇಲೆ ಅವರ ಕಾಪಿ ಪುಸ್ತಕ ಇತ್ತು, ನೀಟಾಗಿ ರಟ್ಟು ಹಾಕಿದ್ದು. ಒಳಗೆ ಪೆನ್ಸಿಲ್. ಸಂಜೆ ಐದಕ್ಕೆ ಪುಟ್ಟ ಕುರ್ಚಿ ಖಾಲಿ. ಕೆಲಸಕ್ಕೆ ಬರುತ್ತಾರೆ, ಬೇಲಿ ಕತ್ತರಿಸುತ್ತಾರೆ, ತಲೆ ತಗ್ಗಿಸಿ ಹೋಗುತ್ತಾರೆ. ಅಂಚೆ ಕಚೇರಿಯ ಬಾಗಿಲಲ್ಲಿ ಹೊಸ ನೋಟೀಸು ಅಂಟಿಸಿದ್ದರಂತೆ. ತೋಟದಣ್ಣ ಅದರ ಎದುರು ನಿಂತು, ಪಕ್ಕದಲ್ಲಿದ್ದವರಿಗೆ, “ಕನ್ನಡಕ ಮರ್ತು ಬಂದಿದೀನಿ, ಸ್ವಲ್ಪ ಓದಿ ಹೇಳ್ತೀರಾ?” ಎಂದರಂತೆ.

ಇದನ್ನು ಬರೆದು ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ತಮಾಷೆಯ ಕತೆ ಬರೆಯಲು ಕೂತಿದ್ದೆ. ಗಿಡ ಆರಿಸುವ ಕತೆ. ಈಗ ನೋಡಿದರೆ ಒಬ್ಬ ಮನುಷ್ಯ ಒಂಬತ್ತು ತಿಂಗಳು ಕಷ್ಟಪಟ್ಟು ಗಳಿಸಿದ್ದನ್ನು ನಾನು ಒಂದು ಸಾಲಿನಲ್ಲಿ ಕಿತ್ತುಕೊಂಡಿದ್ದೇನೆ.

“ನೀವೇ ಕಿತ್ಕೊಂಡಿದ್ದು!”

ಮೇಡಂ. ನೇರ ನನ್ನ ಬರೆಯುವ ಕೋಣೆಗೆ ಬಂದಿದ್ದಾರೆ, ಕೈಯಲ್ಲಿ ಆ ಕಾಪಿ ಪುಸ್ತಕ.

“ಆ ಮಾತು ನನ್ನ ಬಾಯಿಗೆ ಯಾಕೆ ಹಾಕಿದ್ರಿ? ನಾನು ಯಾರಿಗೂ ಹಾಗೆ ಮಾತಾಡೋಳಲ್ಲ.”

“ಸಿಟ್ಟು ಬಂದಾಗ ಎಲ್ರೂ ಆಡ್ತಾರೆ ಮೇಡಂ. ಒಂದು ವರ್ಷದ ಗಿಡ...”

“ಅಳಿಸಿ.”

“ಓದುಗರು ಆಗ್ಲೇ ಓದಿಬಿಟ್ಟಿದ್ದಾರೆ.”

“ಅವರು ಮರೀತಾರೆ. ಅಳಿಸಿ ಅಂದೆ.”

ಅಳಿಸಿದೆ. ನಿಜವಾಗಿಯೂ ಅಳಿಸಿದೆ. “ಅಯ್ಯೋ ಅಣ್ಣ, ಏನಿದು?” ಎಂದು ಬದಲಾಯಿಸಿದೆ. ಸಾಲು ಮೃದುವಾಯಿತು. ಆದರೂ ಮರುದಿನದ ಪುಟದಲ್ಲಿ ಕಾಪಿ ಪುಸ್ತಕ ಮೇಜಿನ ಮೇಲೇ ಇತ್ತು, ಕುರ್ಚಿ ಖಾಲಿಯೇ ಇತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಬರೆಯುವವರಿಗೂ ಅನ್ವಯಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಹಳೆಯ ಸಾಲನ್ನು ಮತ್ತೆ ತಂದು ಅದರ ಜಾಗದಲ್ಲಿ ಇಟ್ಟೆ.

6

ಬುದ್ಧಿವಂತ ಲೇಖಕರು ಇಂಥ ಇಕ್ಕಟ್ಟಿನಲ್ಲಿ ಓದುಗರ ಮುಂದೆ ಮೂರು ಮುಕ್ತಾಯ ಹರಡಿ ಕೂತುಬಿಡುತ್ತಾರೆ, ಬೇಕಾದ್ದು ಆರಿಸಿಕೊಳ್ಳಿ ಎಂದು. ನಾನೂ ಪ್ರಯತ್ನಿಸಿದೆ.

ಅ) ಮೇಡಂ ಕಣ್ಣೀರಿಟ್ಟು ಕ್ಷಮೆ ಕೇಳುತ್ತಾರೆ. ತೋಟದಣ್ಣ, “ದೊಡ್ಡವರು ನೀವು, ಹಾಗೆಲ್ಲ ಅನ್ಬಾರ್ದು” ಎನ್ನುತ್ತಾರೆ. ಇಬ್ಬರೂ ಸೇರಿ ಒಂದು ಎಕ್ಕದ ಗಿಡ ನೆಡುತ್ತಾರೆ. (ಮೇಡಂ ಓದಿ, “ನಾಟಕ ಇದು” ಎಂದು ಕೆಂಪು ಗೀಟು ಎಳೆದರು.)

ಆ) ಐದು ವರ್ಷದ ನಂತರ ತೋಟದಣ್ಣ ಅದೇ ಗ್ರಂಥಾಲಯದ ಎಲ್ಲ ಪುಸ್ತಕ ಓದಿ ಮುಗಿಸಿರುತ್ತಾರೆ. (ತೋಟದಣ್ಣನಿಗೆ ಹೇಳಿ ಕಳಿಸಿದೆ. “ಎಲ್ಲಾನೂ ಓದೋಕೆ ನನಗೇನು ಬೇರೆ ಕೆಲಸ ಇಲ್ವಾ?” ಎಂದು ಉತ್ತರ ಬಂತು.)

ಇ) ಕಿತ್ತ ಗಿಡಗಳ ರಾಶಿಗೇ ಚಿಟ್ಟೆಗಳು ಬರುತ್ತವೆ.

ಮೂರನೆಯದನ್ನು ನಾಚಿಕೆಯಿಂದಲೇ ಬರೆದು ಅಕ್ಕನಿಗೆ ಓದಿದೆ. ಬೈಗುಳಕ್ಕೆ ಕಿವಿ ಸಿದ್ಧ ಮಾಡಿಕೊಂಡಿದ್ದೆ.

“ಇದು ಮಾತ್ರ ಸರಿಯಾಗಿದೆ,” ಎಂದಳು.

“ಏನು?”

“ಗಿಲಿಗಿಲಿ ಗಿಡ ಕಿತ್ತು ಬಾಡಿದ್ರೆ ಅದರಿಂದ ಒಂದು ವಾಸನೆ ಹೊರಡುತ್ತೆ. ಅದಕ್ಕೆ ಆ ಜಾತಿ ಗಂಡು ಚಿಟ್ಟೆಗಳು ಮುಗಿಬೀಳ್ತವೆ. ಎಲೆ ಕೆರೆದು ರಸ ಹೀರಿ, ಅದರಿಂದಾನೇ ಹೆಣ್ಣನ್ನ ಒಲಿಸೋ ಅತ್ತರು ಮಾಡ್ಕೊಳ್ತವೆ. ಯಾರು ಹೇಳ್ಕೊಟ್ರು ನಿನಗೆ ಇದನ್ನ?”

ಯಾರೂ ಹೇಳಿಕೊಟ್ಟಿರಲಿಲ್ಲ. ಜೀವನದಲ್ಲಿ ಮೊದಲ ಸಲ ಅಕ್ಕನ ಪರೀಕ್ಷೆಯಲ್ಲಿ ಪಾಸಾಗಿದ್ದೆ, ಅದೂ ಕುರುಡಾಗಿ ಬರೆದು.

ಹಾಗಾಗಿ ಮೂರನೆಯದೇ ನಡೆಯಿತು. ಮೇಡಂ ಮರಳಿ ಬಂದ ಐದನೆಯ ದಿನ ಗಾಳಿ ತಿರುಗಿತು. ಬಿಸಿಲೇರಿ ಒಂದು ಗಂಟೆಯಾದ ಮೇಲೆ ಗೋಡೆಯ ಮೇಲಿಂದ ಮೊದಲ ಚಿಟ್ಟೆ ಬಂತು, ಮುಂದೆ ಹೋಗಲಿಲ್ಲ, ತಿರುಗಿ ಇಳಿಯಿತು. ಹಿಂದೆ ಇನ್ನೊಂದು. ಮಧ್ಯಾಹ್ನಕ್ಕೆ ಆ ಬಾಡಿದ ರಾಶಿ ಕಾಣುತ್ತಲೇ ಇರಲಿಲ್ಲ, ಬರೀ ಕಪ್ಪು ನೀಲಿ ರೆಕ್ಕೆಗಳು, ತೆರೆಯುತ್ತಾ ಮುಚ್ಚುತ್ತಾ. ಓದುವ ಕೋಣೆಯ ಜನ ಪತ್ರಿಕೆ ಬಿಟ್ಟು ಕಿಟಕಿಗೆ ಬಂದು ನಿಂತರು. ಪಕ್ಕದಲ್ಲಿ ತೊಳೆದು ಇಟ್ಟ ಹನ್ನೆರಡು ಕ್ರೋಟನ್ ಕುಂಡಗಳನ್ನು ಒಂದು ಚಿಟ್ಟೆಯೂ ಮೂಸಲಿಲ್ಲ.

ಮೇಡಂ ಓಡಿಹೋಗಿ ಮುಂದಿನ ತೋಟದಿಂದ ತೋಟದಣ್ಣನನ್ನು ಕರೆತಂದರು. “ನೋಡಿ ಅಣ್ಣ, ನೀವು ಕಿತ್ತಿದ್ದಕ್ಕೇ ಬಂದಿದ್ದು ಇಷ್ಟೂ!”

ತೋಟದಣ್ಣ ನೋಡಿದರು. ಬಹಳ ಹೊತ್ತು ನೋಡಿದರು. ಅವರಿಗೂ ಸಂತೋಷವಾಗಿತ್ತು, ನನಗೆ ಗೊತ್ತು.

“ಚೆನ್ನಾಗಿದೆ ಮೇಡಂ. ಆದ್ರೆ ನಾನು ಓದಿದ್ದು ತಪ್ಪು ತಾನೆ?”

“ಹೋಗ್ಲಿ ಬಿಡಿ ಅಣ್ಣ. ತಪ್ಪಾದ್ರೂ ಒಳ್ಳೇದೇ ಆಯ್ತಲ್ಲ.”

ತೋಟದಣ್ಣ ತಲೆ ಆಡಿಸಿ ತಮ್ಮ ಕತ್ತರಿಯ ಕಡೆಗೆ ಹೋದರು.

(ಇಲ್ಲಿ ನಿಲ್ಲಿಸಿದ್ದರೆ ನೀವು ಚಪ್ಪಾಳೆ ತಟ್ಟುತ್ತಿದ್ದಿರಿ. ಚಿಟ್ಟೆ ಬಂತು, ತಪ್ಪೇ ಒಳ್ಳೆಯದಾಯಿತು, ಶುಭಂ. ಆದರೆ ಕಾಪಿ ಪುಸ್ತಕ ಇನ್ನೂ ಮೇಜಿನ ಮೇಲೇ ಇದೆ. ಚಿಟ್ಟೆಗಳಿಗಾಗಿ ನಾನು ಈ ಕತೆ ಬರೆಯುತ್ತಿದ್ದೆ ಎಂದು ನನಗೂ ಅನಿಸಿತ್ತು.)

7

“ಸಾರ್, ಒಂದು ಮಾತು.”

ಪಾತ್ರಗಳು ಕಾಗದ ಬಿಟ್ಟು ಎದ್ದುಬರುವುದು ಈಚೆಗೆ ಫ್ಯಾಶನ್. ಕೆಸರು ಕಾಲನ್ನು ಬಾಗಿಲಲ್ಲೇ ಒರೆಸಿಕೊಂಡು ಬಂದವರು ತೋಟದಣ್ಣ ಒಬ್ಬರೇ.

“ನಾನು ಬೋರ್ಡ್ ಓದಿ ‘ತಕ್ಷಣ’ ತೋಳು ಮಡಚಿದೆ ಅಂತ ಬರ್ದಿದೀರಂತೆ. ಮೇಡಂ ಹೇಳಿದ್ರು. ತಕ್ಷಣ ಅಲ್ಲ ಸಾರ್. ಅರ್ಧ ಗಂಟೆ ನಿಂತಿದ್ದೆ.”

“ಮೂರು ಪದಕ್ಕೆ ಅರ್ಧ ಗಂಟೆನಾ?”

“ಓದೋಕೆ ಎರಡು ನಿಮಿಷ. ಮಿಕ್ಕಿದ್ದು ಯೋಚನೆಗೆ. ಕಳೆ ಅಂದ್ರೇನು ಅಂತ ನನಗೆ ಗೊತ್ತಿಲ್ವಾ? ಮೂವತ್ತು ವರ್ಷದಿಂದ ಅದನ್ನೇ ಕೀಳ್ತಾ ಇದೀನಿ. ಆದ್ರೆ ಕಳೆ ಉಳಿಸಿ ಅಂತ ತೋಟದವನಿಗೆ ಯಾರಾದ್ರೂ ಹೇಳ್ತಾರಾ? ಕಸ ಉಳಿಸಿ ಅಂತ ಗುಡಿಸೋರಿಗೆ ಹೇಳ್ತಾರಾ? ಆಗ ಮೇಡಂ ಹೇಳ್ಕೊಟ್ಟಿದ್ದು ನೆನಪಾಯ್ತು. ಒಂದು ಪದಕ್ಕೆ ಎರಡು ಅರ್ಥ ಇದ್ರೆ ಅಕ್ಕಪಕ್ಕದ ಪದ ನೋಡಿ, ಯಾವುದು ಹೊಂದುತ್ತೋ ಅದನ್ನ ತಗೋಬೇಕು ಅಂತ. ಅಕ್ಕಪಕ್ಕ ನೋಡ್ದೆ. ಈ ಕಡೆ ‘ತೋಟದ’, ಆ ಕಡೆ ‘ಉಳಿಸಿ’. ತೋಟದಲ್ಲಿ ಉಳಿಸೋ ಅಂಥ ಕಳೆ ಯಾವುದು? ಮುಖದಲ್ಲಿ ಕಳೆ ಇದೆ ಅಂತೀವಲ್ಲ, ಅದೇ. ಅದು ಖಾತ್ರಿ ಆದ್ಮೇಲೇನೇ ಕೈ ಹಾಕಿದ್ದು.”

ನಾನು ಪೆನ್ನು ಕೆಳಗಿಟ್ಟೆ. ಇಷ್ಟು ವರ್ಷ ಬರೆದಿದ್ದೇನೆ, ನನ್ನ ಮೂರು ಪದಕ್ಕೆ ಅರ್ಧ ಗಂಟೆ ಕೊಟ್ಟ ಓದುಗ ಇನ್ನೂ ಸಿಕ್ಕಿಲ್ಲ.

“ಅಣ್ಣ, ನೀವು ಓದಿದ್ದು ಸರಿಯಾಗೇ ಇದೆಯಲ್ಲ!”

“ಸರಿಯಾಗಿದ್ರೆ ಮೇಡಂ ಹಾಗೆ ಯಾಕೆ ಕೇಳ್ತಿದ್ರು?”

ಅವರ ದೃಷ್ಟಿಯಲ್ಲಿ ನನ್ನ ಸರ್ಟಿಫಿಕೇಟಿಗೆ ಕಿಲುಬುಕಾಸಿನ ಬೆಲೆಯೂ ಇರಲಿಲ್ಲ. ಅಕ್ಷರ ಕೊಟ್ಟವರು ಮೇಡಂ, ಬರಲಿಲ್ಲ ಎಂದವರೂ ಮೇಡಂ. ನಡುವೆ ನಾನು ಯಾವ ಊರ ದಾಸಯ್ಯ?

8

ಏಳನೆಯ ಭಾಗವನ್ನು ಮೇಡಂಗೆ ಓದಿದೆ. ಅವರು ಪುಸ್ತಕಗಳ ಬೆನ್ನಿಗೆ ಅಂಟಿಸುವ ಚೀಟಿಗಳನ್ನು ಕತ್ತರಿಸುತ್ತಿದ್ದರು. ‘ಅಕ್ಕಪಕ್ಕದ ಪದ ನೋಡಿ’ ಎನ್ನುವಲ್ಲಿಗೆ ಬಂದಾಗ ಕತ್ತರಿ ನಿಂತಿತು.

“ಇದನ್ನ ನಾನೇ ಹೇಳ್ಕೊಟ್ಟಿದ್ದು.”

“ಗೊತ್ತು.”

“ಅವರು ಸರಿಯಾಗಿ ಓದಿದ್ದಾರೆ. ನಾನು ಬರೆದಿದ್ದು ತಪ್ಪು.” ಕತ್ತರಿಯನ್ನು ಮೇಜಿನ ಮೇಲಿಟ್ಟರು. “ಅದರ ಮೇಲೆ, ‘ತಪ್ಪಾದ್ರೂ ಒಳ್ಳೇದೇ ಆಯ್ತು’ ಅಂತ ಬೇರೆ ಅಂದೆ. ಎಂಥ ಹೆಡ್ಡಿ ನಾನು. ಈಗ ಹೋಗಿ ಬಾಯಲ್ಲಿ ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದ್ದಾರೆ ಅಂದ್ಕೊಳ್ತಾರೆ.”

ಅವರ ಕಣ್ಣು ತುಂಬಿತ್ತು. ಅ) ಮುಕ್ತಾಯದಲ್ಲಿ ನಾನು ಬರೆದ ಕಣ್ಣೀರಿಗೂ ಇದಕ್ಕೂ ಏನೇನೂ ಸಂಬಂಧ ಇರಲಿಲ್ಲ.

“ನೀವು ಇಲ್ಲಿತನಕ ಬರೆದಿದ್ದನ್ನ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದುಕೊಡಿ,” ಎಂದರು. “ಎಲ್ಲಾನೂ. ಈಗ ನಾನು ಹೇಳಿದ್ದೂ ಸೇರಿಸಿ.”

“ಆ ಸಾಲು?”

“ಆ ಸಾಲೂ ಇರಲಿ. ನಾನು ಆಡಿದ ಮಾತು ಅದು, ಅದರ ಜಾಗದಲ್ಲೇ ಇರಲಿ.”

“ಒತ್ತಕ್ಷರ ತೆಗೆದು ಸುಲಭ ಮಾಡ್ಲಾ?”

“ಒಂದು ಸಲ ಸುಲಭ ಮಾಡೋಕೆ ಹೋಗಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಒಂದನ್ನೂ ಮುಟ್ಟಬೇಡಿ.”

9

ಮಧ್ಯಾಹ್ನದ ಹೊತ್ತು. ತೋಟದಣ್ಣ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದಾರೆ. ನಾನು ಹಾಳೆಗಳ ಕಟ್ಟು ಹಿಡಿದು ಪಕ್ಕದಲ್ಲಿ ಕೂತೆ. ಮೇಡಂ ಬಾಗಿಲ ಹಿಂದೆ ಇದ್ದಾರೆ, ಹೊರಗೆ ಬರಲಿಲ್ಲ.

“ಅಣ್ಣ, ನಿಮ್ಮ ಕತೆ ಬರೆದಿದೀನಿ. ಓದಿ ಹೇಳ್ಲಾ?”

ಅವರು ಹಾಳೆಗಳನ್ನು ನೋಡಿದರು, ನನ್ನನ್ನು ನೋಡಿದರು.

“ಬೇಡ. ನೀವು ಓದಿದ್ರೆ ನಿಮಗೆ ಬೇಕಾದ್ದು ಓದ್ತೀರಿ. ನನ್ನ ವಿಷಯ ಏನು ಬರ್ದಿದೀರೋ ನನಗೆ ಗೊತ್ತಾಗ್ಬೇಕು. ಇಲ್ಲಿ ಕೊಡಿ.”

ಟೀ ಲೋಟ ಪಕ್ಕಕ್ಕಿಟ್ಟು, ಅಂಗೈಯನ್ನು ಅಂಗಿಗೆ ಒರೆಸಿಕೊಂಡು, ಮೊದಲ ಹಾಳೆಯ ಮೇಲೆ ಬೆರಳಿಟ್ಟರು. ತುಟಿ ಅಲ್ಲಾಡುತ್ತಿತ್ತು. ‘ಚಿಟ್ಟೆ’ಯ ಒತ್ತಿನ ಮೇಲೆ ಬೆರಳು ನಿಂತಿತು, ದಾಟಿತು. ಒಂದು ಹಾಳೆಗೆ ಕಾಲು ಗಂಟೆ. ನಾನು ಇಷ್ಟು ಉದ್ದ ಬರೆಯಬಾರದಿತ್ತು. ಪ್ಲಾಸ್ಟಿಕ್ ಗಿಡದ ಬಳಿ ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಕನ್ನಡಕದ ಬಳಿ ಬಂದಾಗ ತಲೆ ಎತ್ತಿ ನನ್ನನ್ನು ದುರುಗುಟ್ಟಿ ನೋಡಿದರು. ಮಂಚದ ಕೆಳಗೆ ಮಲಗಿಸಿದ ಮಾತಿಗೆ ನಕ್ಕರು. ಅದು ಅವರದೇ ಮಾತು.

ಅಂಚೆ ಕಚೇರಿ ಬಾಗಿಲು ಹಾಕಿದರು. ಟೀ ತಣ್ಣಗಾಗಿ ಅದರಲ್ಲಿ ಒಂದು ಎಲೆ ಬಿದ್ದಿತ್ತು. ಬೆರಳು ಬೋರ್ಡನ್ನು ದಾಟಿತು, ಸುಣ್ಣ ಬಳಿದ ಇಟ್ಟಿಗೆ ದಾಟಿತು, ಆ ಸಾಲಿಗೆ ಬಂದು ನಿಂತಿತು. ಬಾಗಿಲ ಹಿಂದೆ ಮೇಡಂ ಉಸಿರು ಬಿಗಿ ಹಿಡಿದದ್ದು ನನಗೆ ಕೇಳಿಸಿತು. ಹಾಳೆ ಕಿತ್ತುಕೊಂಡು ಓಡಿಬಿಡೋಣ ಎನ್ನಿಸಿತು.

ತೋಟದಣ್ಣ ಅದನ್ನು ಗಟ್ಟಿಯಾಗಿ ಓದಿದರು.

“ಓ... ದೋ... ಕೆ. ಬ... ರ...” ಬೆರಳು ಕೆಳಗಿಳಿದು ಒತ್ತನ್ನು ಮುಟ್ಟಿ ಮೇಲೆ ಬಂತು. “ಲ್ವೇ... ನ್ರಿ. ನಿ... ಮ... ಗೆ.”

ಎರಡು ಒತ್ತಕ್ಷರ, ಯಾರನ್ನೂ ಕೇಳಲಿಲ್ಲ. ಮತ್ತೊಮ್ಮೆ ಓದಿದರು, ಈ ಸಲ ಒಂದೇ ಉಸಿರಿಗೆ. ಆಮೇಲೆ ಹಾಳೆಯ ಕಡೆಗೇ ನೋಡುತ್ತಾ, ಹಾಳೆಗೇ ಹೇಳುವಂತೆ ಹೇಳಿದರು:

“ಬರುತ್ತೆ.”

ಬಾಗಿಲು ಕಿರುಗುಟ್ಟಿತು. ಮೇಡಂ ಹೊರಗೆ ಬಂದು ನಿಂತಿದ್ದರು. ತೋಟದಣ್ಣ ತಿರುಗಲಿಲ್ಲ, ಬೆರಳು ಆಗಲೇ ಮುಂದಿನ ಸಾಲಿನ ಮೇಲಿತ್ತು.

ನನಗೆ ತಡೆಯಲಾಗಲಿಲ್ಲ. “ಅಣ್ಣ, ಮುಂದೆ ಮೇಡಂ ಏನು ಹೇಳಿದ್ದಾರೆ ಅಂದ್ರೆ, ಎಂಟನೇ ಭಾಗದಲ್ಲಿ... ನೀವು ಓದಿದ್ದೇ ಸರಿ ಅಂತ...”

ಅವರು ಎಡಗೈ ಎತ್ತಿ ನನ್ನನ್ನು ತಡೆದರು.

“ಸುಮ್ಮನಿರಿ ಸಾರ್. ಓದ್ತಾ ಇದೀನಿ.”